ಪಾರ್ಕಿನಲ್ಲಿ ಪುಂಡಾಟವೇ? ಇಂಗ್ಲೆಂಡಿನ ಕೌನ್ಸಿಲ್‌ನಿಂದ ರಕ್ಷಣಾ ಆದೇಶ ಹೊರಡಿಸುವುದು ಹೀಗೆ

ಮಕ್ಕಳು ಆಡುವ ಜಾಗದಲ್ಲಿ ಒಡೆದ ಬಾಟಲಿಗಳು, ಕತ್ತಲಾದರೆ ಬೈಕುಗಳ ಅಬ್ಬರ, ಅಂಗಡಿ ಸಾಲಿನ ಮುಂದೆ ಕುಡಿದವರ ಗಲಾಟೆ. ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರು ಇಂಥದ್ದನ್ನು ಸಹಿಸಿಕೊಂಡು ಕೂರಬೇಕಿಲ್ಲ. ಅಲ್ಲಿ 2014ರ ಸಮಾಜವಿರೋಧಿ ವರ್ತನೆ ತಡೆ ಕಾಯ್ದೆ ಸ್ಥಳೀಯ ಕೌನ್ಸಿಲ್‌ಗೇ ಒಂದು ಅಧಿಕಾರ ಕೊಟ್ಟಿದೆ. ಅದೇ ಸಾರ್ವಜನಿಕ ಸ್ಥಳ ರಕ್ಷಣಾ ಆದೇಶ, ಅಂದರೆ ಪಿಎಸ್‌ಪಿಒ: ಗುರುತಿಸಿದ ಸಾರ್ವಜನಿಕ ಜಾಗದಲ್ಲಿ ಇಂಥ ವರ್ತನೆಗೆ ನಿರ್ಬಂಧ ಹೇರುವ ಆದೇಶ. ಸ್ಕಾಟ್ಲೆಂಡಿನಲ್ಲಿ ಈ ಆದೇಶ ಇಲ್ಲ.

ಮೊದಲು ಆ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ನೋಡಿ. ಕೌಂಟಿ, ಡಿಸ್ಟ್ರಿಕ್ಟ್ ಎಂದು ಎರಡು ಕೌನ್ಸಿಲ್‌ಗಳಿರುವ ಕಡೆ ಅರ್ಜಿ ಹೋಗಬೇಕಾದದ್ದು ಡಿಸ್ಟ್ರಿಕ್ಟ್‌ಗೆ. ಲಂಡನ್ನಿನಲ್ಲಿ 'ಬರೋ' (borough) ಎಂಬ ಆಡಳಿತ ವಿಭಾಗದ ಕೌನ್ಸಿಲ್‌ಗೆ. ಆ ಜಾಗಕ್ಕೆ ಈಗಾಗಲೇ ಆದೇಶ ಇದೆಯೇ ಎಂದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಹುಡುಕಿ. ಇದ್ದರೆ ಹೊಸದನ್ನು ಕೇಳುವ ಬದಲು, ಇರುವುದನ್ನು ಜಾರಿ ಮಾಡಿ ಎಂದು ಒತ್ತಾಯಿಸಿ. ಪಕ್ಕದ ಮನೆಯೊಳಗಿನ ಗದ್ದಲಕ್ಕೆ ಈ ಆದೇಶ ಬರುವುದಿಲ್ಲ. ಅದಕ್ಕೆ ತೊಂದರೆ ಕೊಡುವವರಿಗೇ ನೇರವಾಗಿ ಕೊಡುವ ಸಮುದಾಯ ರಕ್ಷಣಾ ನೋಟಿಸ್ ಎಂಬ ಬೇರೆ ದಾರಿ ಇದೆ.

ಇನ್ನು ಸಾಕ್ಷ್ಯ. ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ. ಆ ವರ್ತನೆಯಿಂದ ಸುತ್ತಲಿನವರ ಬದುಕಿಗೆ ತೊಂದರೆಯಾಗಿದೆ ಅಥವಾ ಆಗುವ ಸಂಭವವಿದೆ, ಅದು ಮತ್ತೆ ಮತ್ತೆ ಮುಂದುವರಿಯುವಂಥದ್ದು, ಸಮಂಜಸವಲ್ಲದ್ದು, ನಿರ್ಬಂಧ ಹೇರುವಷ್ಟು ಗಂಭೀರವಾದದ್ದು ಎಂದು ಕೌನ್ಸಿಲ್‌ಗೆ ಮನವರಿಕೆಯಾಗಬೇಕು. 'ಯಾವಾಗಲೂ ಗಲಾಟೆ' ಎಂದು ಬರೆದರೆ ಯಾವ ಅಧಿಕಾರಿಗೂ ಉಪಯೋಗವಿಲ್ಲ. ಒಂದು ನೋಟ್‌ಬುಕ್ ಇಟ್ಟು ದಿನಾಂಕ, ಶುರುವಾದ ಮತ್ತು ಮುಗಿದ ಹೊತ್ತು, ಯಾವ ಬೆಂಚು ಯಾವ ಗೇಟು, ಏನಾಯಿತು, ಅದರಿಂದ ನಿಮಗೇನಾಯಿತು ಎಂದು ಬರೆಯಿರಿ. ಮಗುವನ್ನು ಆಟಕ್ಕೆ ಕಳಿಸಲಿಲ್ಲ, ಬಸ್ ನಿಲ್ದಾಣಕ್ಕೆ ಸುತ್ತುಬಳಸಿ ಹೋದೆವು ಎಂಬಂಥ ವಿವರವೇ ತೂಕ ತರುವುದು. ಪೊಲೀಸರಿಗೆ ಕರೆ ಮಾಡಲು ತುರ್ತಿಲ್ಲದ್ದಕ್ಕೆ 101, ಅಪಾಯವಿದ್ದರೆ 999. ಕರೆ ಮಾಡಿದಾಗಲೆಲ್ಲ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರೂ ತಮ್ಮದೇ ಮಾತಿನಲ್ಲಿ ಬರೆದುಕೊಡಲಿ. ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ನಾಲ್ಕು ಮನೆಗಳ ಬೇರೆ ಬೇರೆ ದಾಖಲೆ ಮೇಲು. ಎದುರು ನಿಂತು ವಿಡಿಯೊ ಮಾಡಲು ಹೋಗಬೇಡಿ.

ಇವೆಲ್ಲವನ್ನೂ ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಕೌನ್ಸಿಲ್‌ನ ಸಮುದಾಯ ಸುರಕ್ಷತಾ ತಂಡಕ್ಕೂ ಒಟ್ಟಿಗೆ ಕಳಿಸಿ. ಆರು ತಿಂಗಳಲ್ಲಿ ಮೂರು ದೂರು ಕೊಟ್ಟೂ ಏನೂ ಆಗದಿದ್ದರೆ 'ಪ್ರಕರಣ ಮರುಪರಿಶೀಲನೆ', ಅಂದರೆ ನಿಮ್ಮ ದೂರುಗಳನ್ನು ಕೌನ್ಸಿಲ್, ಪೊಲೀಸರು ಕೂಡಿ ಮತ್ತೆ ನೋಡಬೇಕೆಂದು ಕೇಳುವ ಹಕ್ಕು ಕಾಯ್ದೆಯಲ್ಲಿಯೇ ಇದೆ. ಪ್ರತಿ ಘಟನೆಯನ್ನೂ ನಡೆದ ಒಂದು ತಿಂಗಳೊಳಗೆ ವರದಿ ಮಾಡಿರಬೇಕು. ತಡಮಾಡಿದ ದೂರು ಲೆಕ್ಕಕ್ಕೆ ಬರದೇ ಹೋಗಬಹುದು.

ಆದೇಶ ಹೊರಡಿಸುವ ಮುನ್ನ ಕೌನ್ಸಿಲ್ ಪೊಲೀಸರನ್ನೂ ಸ್ಥಳೀಯ ಸಂಘಟನೆಗಳನ್ನೂ ಸಮಾಲೋಚಿಸಲೇಬೇಕು. ಕರಡು ಬಂದಾಗ ನಕ್ಷೆಯ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ವರ್ತನೆಗೆ ನಿಷೇಧ, ಯಾವ ಹೊತ್ತಿನಲ್ಲಿ ಎಂದು ಓದಿ. 'ಕಿರಿಕಿರಿ ಮಾಡುವುದು' ಎಂಬಂಥ ಸಡಿಲ ಮಾತಿದ್ದರೆ ಆಕ್ಷೇಪಿಸಿ. ಅಂಥ ಆದೇಶ ಬೆಂಚಿನ ಮೇಲೆ ಸುಮ್ಮನೆ ಕೂತ ಹುಡುಗರ ಮೇಲೂ ಬೀಳುತ್ತದೆ, ಕೋರ್ಟಿನಲ್ಲೂ ನಿಲ್ಲುವುದು ಕಷ್ಟ. ಮನೆಯಿಲ್ಲದೆ ಬೀದಿಯಲ್ಲಿ ಮಲಗುತ್ತಾರೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಗುರಿ ಮಾಡಬಾರದು ಎಂದು ಸರ್ಕಾರದ ಮಾರ್ಗಸೂಚಿ 2017ರಲ್ಲೇ ಹೇಳಿದೆ. ನಮ್ಮವರು ಇದನ್ನು ಮರೆಯಬಾರದು: ತಡೆಯಬೇಕಾದದ್ದು ವರ್ತನೆಯನ್ನು, ಮನುಷ್ಯರನ್ನಲ್ಲ.

ಒಪ್ಪದವರಿಗೂ ಅವಕಾಶವಿದೆ. ಅಲ್ಲಿ ವಾಸಿಸುವವರು, ನಿಯಮಿತವಾಗಿ ಕೆಲಸಕ್ಕೋ ಭೇಟಿಗೋ ಬರುವವರು ಆದೇಶ ಹೊರಟ ಆರು ವಾರದೊಳಗೆ ಹೈಕೋರ್ಟಿಗೆ ಹೋಗಬಹುದು. ಗರ್ಭಪಾತ ಚಿಕಿತ್ಸಾಲಯದ ಮುಂದೆ ಪ್ರತಿಭಟನೆ ತಡೆಯಲು ಲಂಡನ್ನಿನ ಈಲಿಂಗ್ ಕೌನ್ಸಿಲ್ 2018ರಲ್ಲಿ ಹೊರಡಿಸಿದ ಆದೇಶವನ್ನು ಹಾಗೆಯೇ ಪ್ರಶ್ನಿಸಲಾಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಜಾರಿಯ ಹಂತದಲ್ಲಿ ಹೆಚ್ಚಾಗಿ ಗೊಂದಲವಾಗುವುದು ಮದ್ಯದ ವಿಷಯದಲ್ಲಿ. ನಿಷೇಧಿತ ಜಾಗದಲ್ಲಿ ಕುಡಿದ ಮಾತ್ರಕ್ಕೆ ಅದು ಅಪರಾಧವಲ್ಲ. ಅಧಿಕಾರಿ ನಿಲ್ಲಿಸಿ ಎಂದಾಗ ಅಥವಾ ಬಾಟಲಿ ಕೊಡಿ ಎಂದಾಗ ಸಕಾರಣವಿಲ್ಲದೆ ಒಪ್ಪದಿದ್ದರೆ ಅಪರಾಧ. ಕೌನ್ಸಿಲ್ ಅಧಿಕಾರಿಯಾಗಿದ್ದರೆ ಅಧಿಕಾರ ಪತ್ರ ತೋರಿಸಿ ಎಂದು ಕೇಳಬಹುದು. ತೋರಿಸದಿದ್ದರೆ ಆ ಸೂಚನೆ ಊರ್ಜಿತವಾಗದು. ಇತರ ಉಲ್ಲಂಘನೆಗಳಿಗೆ ಕೋರ್ಟಿನಲ್ಲಿ 1,000 ಪೌಂಡ್‌ವರೆಗೆ ದಂಡ. ಸ್ಥಳದಲ್ಲೇ ಕೊಡುವ ದಂಡದ ಚೀಟಿಗೆ ಕಾಯ್ದೆ ಬಂದಾಗ ಇಟ್ಟ ಮಿತಿ 100 ಪೌಂಡ್. ಅದನ್ನು 500ಕ್ಕೆ ಏರಿಸುವ ಮಸೂದೆ 2025ರಲ್ಲಿ ಸಂಸತ್ತಿಗೆ ಬಂದಿದ್ದರಿಂದ, ಕೈಗೆ ಚೀಟಿ ಬಂದರೆ ಅದರಲ್ಲಿ ಬರೆದ ಮೊತ್ತವನ್ನೇ ನಂಬಿ. ಕಟ್ಟಲು 14 ದಿನ ಸಿಗುತ್ತದೆ.

ಜಾಗದಲ್ಲಿ ಫಲಕಗಳು ನಿಂತಿವೆಯೇ ಎಂದೂ ಒಮ್ಮೆ ಸುತ್ತಾಡಿ ನೋಡಿ. ಫಲಕ ಬಿದ್ದುಹೋಗಿದ್ದರೆ, ಗೊತ್ತಿರಲಿಲ್ಲ ಎನ್ನುವವರ ವಾದಕ್ಕೆ ಬಲ ಬರುತ್ತದೆ. ಆದೇಶದ ಆಯಸ್ಸು ಹೆಚ್ಚೆಂದರೆ ಮೂರು ವರ್ಷ. ವಿಸ್ತರಿಸಬಹುದು, ಆದರೆ ಅವಧಿ ಮುಗಿಯುವ ಮೊದಲೇ, ಮತ್ತೆ ಸಮಾಲೋಚನೆ ನಡೆಸಿ. ಹಾಗಾಗಿ ಗಲಾಟೆ ನಿಂತಿತೆಂದು ನೋಟ್‌ಬುಕ್ ಎಸೆಯಬೇಡಿ. ಕೊನೆಯ ವರ್ಷ ಶುರುವಾಗುತ್ತಿದ್ದಂತೆ ಕೌನ್ಸಿಲರ್‌ಗೆ ಮತ್ತೊಂದು ಪತ್ರ ಬರೆಯಿರಿ.