ವಿಕ್ರಮನ ಪಕ್ಕದಲ್ಲಿ ನಿಂತು ಬರೆದ ಭೂಮಿ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದನ್ನು ಟಿ.ವಿ.ಯಲ್ಲಿ ಕಂಡು, ಕಣ್ಣೊರೆಸಿಕೊಂಡು ಮಹಡಿ ಹತ್ತಿದೆ. ದಕ್ಷಿಣದ ಬಾನಿನಲ್ಲಿ, ಮೋಡದ ಸಂದಿಯಲ್ಲಿ, ಅರ್ಧಕ್ಕೆ ತುಸು ಕಡಿಮೆ ತುಂಬಿದ ಚಂದ್ರನಿದ್ದ. ಈ ಹೊತ್ತಿನಲ್ಲಿ ಅಲ್ಲಿಂದ ನಾವು ಹೇಗೆ ಕಾಣುತ್ತಿರಬಹುದು? ಬೇರೆ ಲೋಕಗಳ ನೆಲ, ಬಾನು ಬರೆಯುವುದೇ ನನ್ನ ಕೆಲಸ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕುಂಚಕ್ಕಿಂತ ಮೊದಲು ಲೆಕ್ಕದ ಪುಸ್ತಕ ತೆಗೆದೆ. ವಿಕ್ರಮ್ ಇಳಿದ ಜಾಗ ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶ, 32 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಲ್ಲಿ ಭೂಮಿ ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ವಾಯವ್ಯದಲ್ಲಿ, ದಿಗಂತದಿಂದ ಸರಾಸರಿ 17 ಡಿಗ್ರಿ ಮೇಲೆ, ಅಷ್ಟಿಷ್ಟು ತೂಗಾಡುತ್ತಾ ನಿಂತಿರುತ್ತದೆ. ಅಗಲ ಸುಮಾರು 2 ಡಿಗ್ರಿ. ನಮಗೆ ಕಾಣುವ ಚಂದ್ರನ ಹೆಚ್ಚುಕಡಿಮೆ ನಾಲ್ಕರಷ್ಟಾದರೂ ಕೈ ಚಾಚಿ ಹೆಬ್ಬೆರಳು ಹಿಡಿದರೆ ಮರೆಯಾಗುವಷ್ಟೇ. ನನ್ನ ಕ್ಯಾನ್ವಾಸ್ ನಾಲ್ಕಡಿ ಅಗಲ. ಡಿಗ್ರಿಗೆ ಎರಡು ಸೆಂಟಿಮೀಟರ್ ಲೆಕ್ಕ ಹಿಡಿದೆ. ಭೂಮಿ ನಾಲ್ಕು ಸೆಂಟಿಮೀಟರಿಗೆ ಬಂತು, ಒಂದು ನಿಂಬೆಹಣ್ಣಿನಷ್ಟು.

“ಇನ್ನೂ ದೊಡ್ಡದಾಗಿ ಬರೆಯಬಾರದಿತ್ತೇ?” ಎಂದು ನೋಡಿದವರೆಲ್ಲ ಕೇಳಿದ್ದಾರೆ. ಬರೆಯಬಾರದು. ಸುತ್ತಲಿನ ಆ ಕಪ್ಪು ಅಷ್ಟು ವಿಸ್ತಾರವಾಗಿದ್ದರೆ ಮಾತ್ರ ಆ ನಿಂಬೆಹಣ್ಣಿನ ಮೇಲೆ ಜೀವ ಮರುಗುತ್ತದೆ.

ನಿಜವಾದ ಕಷ್ಟ ನೆಲದಲ್ಲಿತ್ತು. ಮಲೆನಾಡಿನ ಗುಡ್ಡಗಳನ್ನು ಬರೆದು ಪಳಗಿದ ಕೈ ನನ್ನದು. ದೂರ ಹೋದಂತೆ ನೀಲಿ ಬೆರೆಸಿ ಮಸುಕಾಗಿಸುವುದು ತಾನಾಗಿಯೇ ಆಗಿಬಿಡುತ್ತದೆ. ಚಂದ್ರನಲ್ಲಿ ಗಾಳಿಯಿಲ್ಲ, ಮಸುಕೂ ಇಲ್ಲ. ಎರಡು ಕಿಲೋಮೀಟರ್ ಆಚೆಯ ಬಂಡೆಯ ಅಂಚು ಕಾಲಬುಡದ ಕಲ್ಲಿನ ಅಂಚಿನಷ್ಟೇ ಹರಿತ. ನನ್ನ ಮೊದಲ ಯತ್ನದಲ್ಲಿ ದೂರದ ದಿಬ್ಬದ ಮೇಲೆ ಮಂಜು ಕವಿದಂತಿತ್ತು. ಪೂರ್ತಿ ಬಳಿದು ಹಾಕಿದೆ.

ಆಮೇಲೆ ಚಂದ್ರನ ನೆಲದ ಮಾದರಿಗೆಂದು ಒಲೆಯ ಬೂದಿಯನ್ನು ಜರಡಿ ಹಿಡಿದು, ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆರಳು ದಪ್ಪ ಹರವಿ, ಮೇಲಿನಿಂದ ಸಣ್ಣ ದೊಡ್ಡ ಕಲ್ಲುಗಳನ್ನು ಬೀಳಿಸಿದೆ. ಕೋಣೆ ಕತ್ತಲೆ ಮಾಡಿ ಬಲಗಡೆಯಿಂದ ಟಾರ್ಚನ್ನು ತೀರ ತಗ್ಗಿನಲ್ಲಿ ಹಿಡಿದೆ. ವಿಕ್ರಮ್ ಇರುವ ಜಾಗದಲ್ಲಿ ನಡುಹಗಲಿನ ಸೂರ್ಯನೂ 21 ಡಿಗ್ರಿಯ ಆಸುಪಾಸಿಗಷ್ಟೇ ಏರುತ್ತಾನೆ, ವಿಕ್ರಮ್ ಇಳಿದದ್ದಂತೂ ಬೆಳಗಿನ ಹೊತ್ತು. ಒಂದು ಕಡಲೆಕಾಳಿನ ನೆರಳು ಗೇಣುದ್ದ ಹರಿಯಿತು. ಕುಳಿಗಳ ಎಡ ಅಂಚು ಹೊಳೆಯಿತು, ಬಲ ಮಗ್ಗುಲು ಕತ್ತಲಲ್ಲಿ ಮುಳುಗಿತು. ಮೂರು ರಾತ್ರಿ ಅದನ್ನೇ ಇದ್ದಿಲಿನಲ್ಲಿ ಬರೆದೆ. ದೂರವನ್ನು ತೋರಿಸಲು ಇನ್ನು ನನಗೆ ಮಂಜು ಬೇಕಾಗಲಿಲ್ಲ, ನೆರಳೇ ಸಾಕಾಯಿತು.

ಬೆಟ್ಟಗಳ ಬಗ್ಗೆ ಹಿರಿಯರಿಂದ ಕಲಿತದ್ದೊಂದಿದೆ. ಅಮೆರಿಕದ ಚಿತ್ರಕಾರ ಚೆಸ್ಲಿ ಬೋನ್‌ಸ್ಟೆಲ್ ಚಂದ್ರನ ಬೆಟ್ಟಗಳನ್ನು ಗರಗಸದ ಹಲ್ಲಿನಂತೆ ಬರೆದರು. ಅವರಿಗೂ ಮೊದಲೇ ಫ್ರಾನ್ಸಿನ ಚಿತ್ರಕಾರ ಲುಸಿಯೆ ರುಡೊ ದೂರದರ್ಶಕದಲ್ಲಿ ಚಂದ್ರನ ಅಂಚನ್ನು ನೋಡಿ ನೋಡಿ ದುಂಡನೆಯ ಗುಡ್ಡಗಳನ್ನು ಬರೆದಿದ್ದರು. ಅಪೊಲೊ ಯಾತ್ರಿಗಳಿಗೆ ಸಿಕ್ಕಿದ್ದು ರುಡೊ ಅವರ ಗುಡ್ಡಗಳೇ.

ಟ್ಯೂಬಿನ ಕಪ್ಪನ್ನು ನಾನು ಬಳಸುವುದಿಲ್ಲ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಗೆ ಬರ್ಂಟ್ ಅಂಬರ್ ಎಂಬ ಕಡುಗಂದು ಬೆರೆಸಿ ಬಾನಿಗೆ ನಾಲ್ಕು ತೆಳು ಲೇಪ ಕೊಟ್ಟೆ. ನಕ್ಷತ್ರಗಳನ್ನು ಬಿಟ್ಟುಬಿಟ್ಟೆ, ಅಷ್ಟು ಬೆಳಗುವ ನೆಲದ ಮುಂದೆ ಕಣ್ಣು ಅವನ್ನು ಹಿಡಿಯಲಾರದು.

ಭೂಮಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಚಂದ್ರನ ದಕ್ಷಿಣದಲ್ಲಿ ನಿಂತವರಿಗೆ ಅದು ತಲೆಕೆಳಗು: ಅಂಟಾರ್ಕ್ಟಿಕಾ ಮೇಲೆ, ಭಾರತ ಕೆಳಗೆ, ಅದೂ ಕನ್ಯಾಕುಮಾರಿ ಮೇಲ್ಮುಖವಾಗಿ. ಅರ್ಧಕ್ಕಿಂತ ತುಸು ಹೆಚ್ಚು ಬೆಳಕು, ಬಲಗಡೆಯಿಂದ. ಹಗಲು ಇರುಳಿನ ಗೆರೆ ಎಲ್ಲಿ ಬೀಳುತ್ತದೆಂದು ವಿಕ್ರಮ್ ಇಳಿದ ಕ್ಷಣದ ಸೂರ್ಯಾಸ್ತಗಳನ್ನು ಹುಡುಕಿದಾಗ ಮೈ ಜುಮ್ಮೆಂದಿತು. ಕೋಲ್ಕತ್ತದಲ್ಲಿ ಸೂರ್ಯ ಮುಳುಗಿ ಕೆಲವೇ ನಿಮಿಷಗಳಾಗಿದ್ದವು, ಬೆಂಗಳೂರಿನಲ್ಲಿ ಇನ್ನೂ ಸಂಜೆಬಿಸಿಲು. ಗೆರೆ ನಮ್ಮ ದೇಶದ ಮೇಲೆಯೇ ಹಾದಿತ್ತು.

ಅತಿ ಸಣ್ಣ ಕುಂಚದಲ್ಲಿ, ಭೂತಗನ್ನಡಿ ಹಿಡಿದು, ಅಕ್ಕಿಕಾಳಿನಷ್ಟು ಭಾರತವನ್ನು ಬರೆದೆ. ಎಡಕ್ಕೆ ಬಂಗಾಳ ಕೊಲ್ಲಿ ಕತ್ತಲೆಗೆ ಜಾರುತ್ತಿತ್ತು. ಬಲಕ್ಕೆ, ನಾನು ಮಹಡಿಯಲ್ಲಿ ನಿಂತಿದ್ದ ಕಡೆ, ಹಳದಿಯ ಒಂದು ಚುಕ್ಕೆ ಇಟ್ಟು ಕುಂಚ ತೊಳೆದೆ.