ತಿನ್ನುವವರ ಆಸೆ ಹೊಲದವರೆಗೆ ಹೋಗುವುದು ಹೇಗೆ? ಜಾಡು ಹಿಡಿಯುವ ಬಗೆ

ಜನ ಕೇಳುತ್ತಾರೆ, ರೈತರು ಬೆಳೆಯುತ್ತಾರೆ. ಇಷ್ಟೇ ಅಲ್ವಾ ಅಂತ ಅನಿಸುತ್ತದೆ. ಆದರೆ ನಡುವೆ ಸಗಟು ಖರೀದಿದಾರರು, ಸೂಪರ್‌ ಮಾರ್ಕೆಟ್‌ಗಳು, ಸರ್ಕಾರದ ನಿಯಮಗಳು, ತಳಿ ವಿಜ್ಞಾನಿಗಳು ಎಲ್ಲರೂ ಇದ್ದಾರೆ. ಒಬ್ಬೊಬ್ಬರ ಕೈ ದಾಟುವಾಗಲೂ ಬೇಡಿಕೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಅದನ್ನು ಕಣ್ಣಾರೆ ನೋಡಬೇಕಿದ್ದರೆ ಯಾವುದಾದರೂ ಒಂದೇ ಪದಾರ್ಥ ಹಿಡಿದುಕೊಂಡು ಹಿಂದಕ್ಕೆ ಹೋಗಿ.

ಹೆಜ್ಜೆ 1: ನಿಜವಾಗಿ ಕೇಳಿದ್ದು ಏನು ಅಂತ ನೋಡಿ

ಟೊಮೆಟೊ ತೆಗೆದುಕೊಳ್ಳಿ. ರುಚಿಯೇ ಇಲ್ಲ ಅಂತ ಎಲ್ಲರೂ ಗೊಣಗುತ್ತಾರೆ. ಹಳೆಯ ತಳಿಗಳ ಕಾಯಿಯಲ್ಲಿ ತೊಟ್ಟಿನ ಸುತ್ತ ಗಾಢ ಹಸಿರು ಇರುತ್ತಿತ್ತು, ಹಣ್ಣಾದಾಗ ಅಲ್ಲಿ ಬಣ್ಣ ಸರಿಯಾಗಿ ಬರುತ್ತಿರಲಿಲ್ಲ. ಒಂದೇ ಸಮ ಕೆಂಪಗಿರುವ ಹಣ್ಣು ಬೇಗ ಮಾರಾಟವಾಗುತ್ತದೆ, ಯಾವಾಗ ಕೀಳಬೇಕು ಅಂತಲೂ ಸುಲಭವಾಗಿ ಗೊತ್ತಾಗುತ್ತದೆ. ಹಾಗಾಗಿ ಹಸಿರು ಪಟ್ಟಿ ಇಲ್ಲದ ಗಿಡಗಳನ್ನೇ ಸುಮಾರು 70 ವರ್ಷ ಆರಿಸಿಕೊಂಡು ಬಂದರು. 2012ರಲ್ಲಿ ವಿಜ್ಞಾನಿಗಳು ಈ ಹಸಿರಿನ ಹಿಂದಿರುವ ಜೀನ್ (ವಂಶವಾಹಿ) ಯಾವುದು ಅಂತ ಪತ್ತೆ ಮಾಡಿದಾಗ ವಿಷಯ ಬಯಲಾಯಿತು: ಆ ಹಸಿರನ್ನು ಕೊಡುವ ಜೀನ್ ಹಣ್ಣಿನ ಸಕ್ಕರೆಯನ್ನೂ ಹೆಚ್ಚಿಸುತ್ತಿತ್ತು. ಬಣ್ಣದ ಆಸೆಗೆ ಸಿಹಿಯನ್ನೂ ಕಿತ್ತು ಹಾಕಿದ್ದರು. ಗೊಣಗಿದ್ದು ರುಚಿಗೆ, ದುಡ್ಡು ಕೊಟ್ಟಿದ್ದು ನೋಟಕ್ಕೆ. ಮಾರುಕಟ್ಟೆಗೆ ಕೇಳಿಸುವುದು ಎರಡನೆಯದು ಮಾತ್ರ.

ಹೆಜ್ಜೆ 2: ಆಸೆಯನ್ನು ನಿಯಮ ಮಾಡಿದವರು ಯಾರು?

ನನ್ನ ಪ್ರಕಾರ ಮುಖ್ಯವಾದ ಹೆಜ್ಜೆ ಇದೇ. ಜನರಿಗೆ ಬೇಕಿರುವುದು ಸುರಕ್ಷಿತ ತರಕಾರಿ. ಅದನ್ನು ರೈತನಿಗೆ ತಲುಪಿಸುವುದು ಒಂದು ಪಟ್ಟಿ: ಯಾವ ಔಷಧಿ ಯಾವಾಗ ಹೊಡೆದಿರಿ, ನೀರು ಎಲ್ಲಿಯದು, ದಾಖಲೆ ಎಲ್ಲಿ. 1997ರಲ್ಲಿ ಯುರೋಪಿನ ಚಿಲ್ಲರೆ ಮಾರಾಟಗಾರರು ಸೇರಿ ಬೆಳೆ ಬೆಳೆಯುವ ಪದ್ಧತಿಗೆ ಯುರೆಪ್‌ಗ್ಯಾಪ್ ಎಂಬ ಮಾನದಂಡ ಶುರು ಮಾಡಿದರು. ಈಗ ಅದರ ಹೆಸರು ಗ್ಲೋಬಲ್‌ಗ್ಯಾಪ್. ಇದು ಕಾನೂನಲ್ಲ, ಆದರೆ ಪ್ರಮಾಣಪತ್ರ ಇಲ್ಲದಿದ್ದರೆ ಎಷ್ಟೋ ಅಂಗಡಿಗಳು ಮಾಲು ಮುಟ್ಟುವುದಿಲ್ಲ. ಕಾನೂನಿನ ಲೆಕ್ಕ ಬೇರೆ ಇದೆ. ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕ ತರಕಾರಿಯಲ್ಲಿ ಉಳಿಯುವುದಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಇಷ್ಟು ಚಿಕ್ಕ ಪ್ರಮಾಣ ಅಳೆಯಲು ಒಳ್ಳೆಯ ಲ್ಯಾಬ್ ಬೇಕು, ದುಡ್ಡು ಬೇಕು. ದೊಡ್ಡ ತೋಟದವರು ಹೇಗೋ ನಿಭಾಯಿಸುತ್ತಾರೆ, ಎರಡು ಎಕರೆಯವರು ಒಂದೋ ಗುಂಪು ಕಟ್ಟಿಕೊಳ್ಳಬೇಕು, ಇಲ್ಲವೇ ಆ ಮಾರುಕಟ್ಟೆಯನ್ನೇ ಬಿಡಬೇಕು.

ಹೆಜ್ಜೆ 3: ಬೆಲೆಯನ್ನು ಹತ್ತು ವರ್ಷದ ಉದ್ದಕ್ಕೂ ನೋಡಿ

ಒಂದು ವರ್ಷದ ಬೆಲೆ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಿನೋವಾ ಎಂಬ ಧಾನ್ಯ ಶ್ರೀಮಂತ ದೇಶಗಳಲ್ಲಿ ಹೆಸರು ಮಾಡಿತು, ಬೆಲೆ ಏರಿತು, ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷ ಅಂತ ಘೋಷಿಸಿತು. ಬೆಲೆ ಕಂಡ ಕೂಡಲೇ ಎಲ್ಲರೂ ಬಿತ್ತಿದರು. 2014ರಲ್ಲಿ ಪೆರುವಿನ ಬೆಳೆ ಹಿಂದಿನ ವರ್ಷದ ಎರಡರಷ್ಟಾಯಿತು, ಬೇರೆ ದೇಶಗಳೂ ಕೈ ಹಾಕಿದವು. ಆಮೇಲೆ ಬೆಲೆ ಕುಸಿಯಿತು.

ಹೆಜ್ಜೆ 4: ಸಂಶೋಧನೆಗೆ ಎಷ್ಟು ವರ್ಷ ಹಿಡಿಯಿತು, ಹಣ ಯಾರದ್ದು?

ಫ್ಯಾಷನ್ ಎರಡು ವರ್ಷದಲ್ಲಿ ಬಂದು ಹೋಗುತ್ತದೆ, ತಳಿ ಹಾಗಲ್ಲ. ಕಾಸ್ಮಿಕ್ ಕ್ರಿಸ್ಪ್ ಎಂಬ ಸೇಬಿಗೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೊದಲ ಸಂಕರಣ (ಎರಡು ತಳಿಗಳನ್ನು ಕೂಡಿಸುವುದು) ನಡೆದದ್ದು 1997ರಲ್ಲಿ, ಹಣ್ಣು ಅಂಗಡಿಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಕಚ್ಚಿದರೆ ಗರಿಗರಿ ಇರಬೇಕು, ಹೆಚ್ಚಿಟ್ಟರೆ ಬೇಗ ಕಂದಬಾರದು, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೆಡದೆ ಇರಬೇಕು, ಇಷ್ಟೂ ಒಂದೇ ಹಣ್ಣಿನಲ್ಲಿ ಬೇಕಿತ್ತು. ಅದನ್ನು ಅಮೆರಿಕದಲ್ಲಿ ಮೊದಲ ಹತ್ತು ವರ್ಷ ವಾಷಿಂಗ್ಟನ್ ರಾಜ್ಯದ ಬೆಳೆಗಾರರು ಮಾತ್ರ ನೆಡಬಹುದು ಅಂತ ಷರತ್ತು, ಅವರು ತಳಿ ಬಳಸಿದ್ದಕ್ಕೆ ರಾಯಧನವನ್ನೂ ಕೊಡಬೇಕು. ಇಪ್ಪತ್ತೆರಡು ವರ್ಷ ಮುಂದಿನ ನಾಲಿಗೆಯನ್ನು ಊಹಿಸಿ ಕೆಲಸ ಮಾಡುವುದು ಅಂದರೆ ಜೂಜೇ ಬಿಡಿ. ಅದಕ್ಕೇ ಹಣ ಹಾಕುವವರು ಅದು ವಾಪಸ್ ಬರುವ ದಾರಿ ಗಟ್ಟಿ ಮಾಡಿಕೊಳ್ಳುತ್ತಾರೆ, ಹೆಚ್ಚು ಲಾಭ ತರುವ ಬೆಳೆಯ ಹಿಂದೆಯೇ ಹೋಗುತ್ತಾರೆ.

ಹೆಜ್ಜೆ 5: ಯಾರ ಆಸೆ ಲೆಕ್ಕಕ್ಕೆ ಬಂದಿಲ್ಲ?

ಜೇಬಿನಲ್ಲಿ ದುಡ್ಡಿಲ್ಲದವರಿಗೂ ರುಚಿ ಇರುತ್ತದೆ. ಆಫ್ರಿಕಾದಲ್ಲಿ ಮಕ್ಕಳ ವಿಟಮಿನ್ ಎ ಕೊರತೆ ನೀಗಿಸಲು ಕಿತ್ತಳೆ ಬಣ್ಣದ ಸಿಹಿಗೆಣಸು ತಂದರು. ಮೊದಲ ತಳಿಗಳು ಬೇಯಿಸಿದರೆ ನೀರು ನೀರಾಗಿ ಮೆತ್ತಗಾಗುತ್ತಿದ್ದವು, ಅಲ್ಲಿನ ಜನರಿಗೆ ಬೇಕಿದ್ದದ್ದು ಒಣಗಿದಂತಿರುವ, ಹಿಟ್ಟು ಹಿಟ್ಟಾದ ಗೆಣಸು. ತಳಿ ವಿಜ್ಞಾನಿಗಳು ಮತ್ತೆ ಕೂತು ಒಣ ಅಂಶ ಜಾಸ್ತಿ ಇರುವ ತಳಿ ಮಾಡಬೇಕಾಯಿತು. ಈ ಕೆಲಸಕ್ಕೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ಮುಂದಿನ ಸಲ ಯಾವುದಾದರೂ ಪೌಷ್ಟಿಕ ತಳಿಯ ಸುದ್ದಿ ಓದಿದಾಗ, ಬಿಡುಗಡೆಗೆ ಮೊದಲು ಅದನ್ನು ಬೇಯಿಸಿ ಯಾರಿಗೆ ತಿನ್ನಿಸಿ ನೋಡಿದರು ಅಂತ ಹುಡುಕಿ.