ಗಾಜಿನ ಲೋಟದಿಂದ ಟನೆಲಿಂಗ್‌ವರೆಗೆ: ಡೊಂಬಿವಲಿಯ ಪಾಠದ ಕೋಣೆಯಲ್ಲಿ ನನ್ನ ಅನುಭವ

ಕೈಯಲ್ಲಿ ಅಳೆದ ಒಂದು ಸಂಖ್ಯೆಯಾದರೂ ಮುಂದೆ ಇಲ್ಲದೆ ಕ್ವಾಂಟಂ ಮೆಕ್ಯಾನಿಕ್ಸ್‌ನ ಯಾವ ಸಮೀಕರಣವನ್ನೂ ಹಲಗೆಯ ಮೇಲೆ ಬರೆಯುವುದಿಲ್ಲ ಎಂಬ ನಿಯಮವನ್ನು ಬಿ.ಎಸ್‌ಸಿ. ಕೊನೆಯ ವರ್ಷದವರ ಮನೆಪಾಠದಲ್ಲಿ ನಾನು ಪಾಲಿಸತೊಡಗಿ ಐದಾರು ವರ್ಷಗಳಾದವು. ಮುಂಬೈ ಹತ್ತಿರದ ಡೊಂಬಿವಲಿ, ಕಲ್ಯಾಣದ ಕಡೆ ಪಾಠ ಹೇಳುವ ಸ್ನೇಹಿತರಲ್ಲಿ ಹೆಚ್ಚಿನವರು ಇದನ್ನು ಒಪ್ಪಿರಲಿಲ್ಲ. “ಮಾಸ್ತರೇ, ಇದು ಎಂಟನೆಯ ತರಗತಿಯ ವಿಜ್ಞಾನ ಮೇಳಕ್ಕೆ ಸರಿ. ಜ್ಯಾಮ್ (ಎಂ.ಎಸ್‌ಸಿ. ಪ್ರವೇಶ) ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಕು” ಎಂದು ಹಿರಿಯರೊಬ್ಬರು ನನ್ನ ವಿದ್ಯಾರ್ಥಿಗಳ ಎದುರಿಗೇ ಹೇಳಿದ್ದರು. ಈ ವರ್ಷ ನನ್ನಲ್ಲಿ ಕಲಿತ ಇಬ್ಬರಿಗೆ ಜ್ಯಾಮ್ ಮೂಲಕವೇ ಎಂ.ಎಸ್‌ಸಿ. ಸೀಟು ದೊರೆತಿದೆ, ಅವರಲ್ಲಿ ಒಬ್ಬ ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಓದಿದವನು. ಅದೇ ಹಿರಿಯರು ಈಗ ತಮ್ಮ ಮಗಳನ್ನು ನನ್ನ ಪಾಠಕ್ಕೆ ಕಳುಹಿಸುತ್ತಿದ್ದಾರೆ.

ಮೊದಲ ವಾರದ ಕೆಲಸ ಲೋಕಲ್ ಗಾಡಿಯಲ್ಲಿ ನಡೆಯುತ್ತದೆ. ದಾರಕ್ಕೆ ನಟ್ ಒಂದನ್ನು ಕಟ್ಟಿ ಹಿಡಿಕೆಗೆ ತೂಗುಬಿಟ್ಟರೆ, ಗಾಡಿ ನಿಲ್ದಾಣ ಬಿಡುವಾಗ ದಾರ ಸುಮಾರು 3 ಡಿಗ್ರಿ ಹಿಂದಕ್ಕೆ ಸರಿಯುತ್ತದೆ. ಅಂದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಅರ್ಧ ಮೀಟರಿನಷ್ಟು. ಇದರಲ್ಲಿ ಕ್ವಾಂಟಂ ಏನೂ ಇಲ್ಲ. ಆದರೆ ಉತ್ತರದ ಗಾತ್ರ ಎಷ್ಟಿರಬೇಕು ಎಂದು ಮೊದಲು ಊಹಿಸಿ ಅನಂತರ ಲೆಕ್ಕಕ್ಕೆ ಕೈಹಾಕುವ ಅಭ್ಯಾಸ ಇಲ್ಲಿಂದಲೇ ಕೂಡುತ್ತದೆ.

ನನ್ನ ಪಾಠದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಗಾಜಿನ ಲೋಟ. ಲೋಟಕ್ಕೆ ಮುಕ್ಕಾಲು ನೀರು ತುಂಬಿ, ಮೇಲಿನಿಂದ ಓರೆಯಾಗಿ ಒಳಗೋಡೆಯನ್ನು ನೋಡಿದರೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಹೊರಗೆ ಹಿಡಿದ ಬೆರಳು ಕಾಣುವುದೇ ಇಲ್ಲ. ಬೆರಳನ್ನು ಒದ್ದೆ ಮಾಡಿ ಬಲವಾಗಿ ಒತ್ತಿದ ಕೂಡಲೇ ಬೆರಳಿನ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಗೆರೆಗಳ ನಡುವಿನ ತಗ್ಗುಗಳು ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತವೆ. ಪೂರ್ಣ ಆಂತರಿಕ ಪ್ರತಿಫಲನವಾದರೂ ಬೆಳಕು ಗಾಜಿನ ಆಚೆಗೆ ತರಂಗಾಂತರಕ್ಕಿಂತ ಕಡಿಮೆ ದೂರದವರೆಗೆ ಕ್ಷೀಣಿಸುತ್ತ ಚಾಚಿಕೊಂಡಿರುತ್ತದೆ; ಅಷ್ಟು ಸಮೀಪಕ್ಕೆ ಬಂದ ಗೆರೆ ಮಾತ್ರ ಅದನ್ನು ಹೀರಿಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ತಡೆಗೋಡೆಯ ಒಳಗೆ ತರಂಗಫಲನ, ಅಂದರೆ ಕಣ ಎಲ್ಲಿ ಸಿಗಬಹುದೆಂದು ಹೇಳುವ ಗಣಿತದ ಫಲನ, ಏಕೆ ಸೊನ್ನೆಯಾಗುವುದಿಲ್ಲ ಎಂದು ಯಾರೂ ಕೇಳುವುದಿಲ್ಲ, ನೇರವಾಗಿ ಲೆಕ್ಕಕ್ಕೆ ಇಳಿಯುತ್ತಾರೆ. ಎಲೆಕ್ಟ್ರಾನಿನ ಶಕ್ತಿ ತಡೆಗೋಡೆಗಿಂತ 1 ಎಲೆಕ್ಟ್ರಾನ್ ವೋಲ್ಟ್ ಕಡಿಮೆಯಿದ್ದು ಗೋಡೆಯ ದಪ್ಪ 1 ನ್ಯಾನೋಮೀಟರ್ ಇದ್ದರೆ, ಸೂತ್ರದ ಘಾತೀಯ ಪದದ ಮುಂದಿರುವ ಗುಣಕವನ್ನು ಬಿಟ್ಟು ನೋಡಿದಾಗ, ಲಕ್ಷಕ್ಕೆ ಮೂರು ನಾಲ್ಕು ಎಲೆಕ್ಟ್ರಾನುಗಳು ದಾಟುತ್ತವೆ. ಹೀಗೆ ದಾಟುವುದೇ ಟನೆಲಿಂಗ್. ದಪ್ಪವನ್ನು ಎರಡು ಪಟ್ಟು ಮಾಡಿದರೆ ನೂರು ಕೋಟಿಗೆ ಒಂದು. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಕಟ್ಟಿದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಪರಮಾಣುಗಳನ್ನು ಬಿಡಿಬಿಡಿಯಾಗಿ ತೋರಿಸುವುದು ದೂರದ ಮೇಲಿನ ಈ ತೀವ್ರ ಅವಲಂಬನೆಯಿಂದಲೇ ಎಂಬುದು ಆಗ ವಿದ್ಯಾರ್ಥಿಗಳ ಬಾಯಿಂದಲೇ ಬರುತ್ತದೆ. ಲೋಟ ತೆಳುವಾಗಿ, ನುಣುಪಾಗಿ ಇರಬೇಕು. ಹೂವಿನ ಕೆತ್ತನೆಯ ಲೋಟಗಳಿಂದ ಕೆಲಸ ಕೆಟ್ಟಿದೆ.

ಹಣ ಹೋದದ್ದು ಬೆಳಕಿನ ಆವೃತ್ತಿಗೂ ಅದರ ಶಕ್ತಿಗೂ ನಂಟು ಹಾಕುವ ಪ್ಲಾಂಕ್ ಸ್ಥಿರಾಂಕದ ಪ್ರಯೋಗದಲ್ಲಿ. ಸಿದ್ಧ ಪೆಟ್ಟಿಗೆಯೊಂದಕ್ಕೆ ಹನ್ನೆರಡು ಸಾವಿರದ ಹತ್ತಿರ ಕೊಟ್ಟಿದ್ದೆ. ಅದರ ಮೇಲೆ ಅಚ್ಚು ಹಾಕಿದ್ದ ತರಂಗಾಂತರಗಳಿಗೂ ಒಳಗಿದ್ದ ಎಲ್‌ಇಡಿಗಳಿಗೂ ಸಂಬಂಧವೇ ಇರಲಿಲ್ಲ, ಮಾರಿದವರು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಆ ಮೇಲೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಲ್‌ಇಡಿ, 1 ಕಿಲೋ ಓಮ್ ರೋಧಕಗಳು, ಪಾಟ್ (ತಿರುಗಿಸಿ ವೋಲ್ಟೇಜ್ ಬದಲಿಸುವ ರೋಧಕ), ಅಗ್ಗದ ಎರಡು ಮಲ್ಟಿಮೀಟರ್, ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಎಲ್‌ಇಡಿ ಯಾವಾಗ ಹೊತ್ತಿತು ಎಂದು ಕಣ್ಣಿನಿಂದ ನಿರ್ಧರಿಸುವ ವಿಧಾನ ನನ್ನ ಕೋಣೆಯಲ್ಲಿ ಪ್ರತಿ ಬಾರಿಯೂ ಸೋತಿತು, ಏಕೆಂದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಬಣ್ಣದಿಂದ ಬಣ್ಣಕ್ಕೆ ಬೇರೆ ಉತ್ತರ ಕೊಡುತ್ತದೆ. ರೋಧಕದ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಬರುವವರೆಗೆ ಪಾಟ್ ತಿರುಗಿಸಿ, ಅಂದರೆ ಎಲ್ಲ ಬಣ್ಣಗಳಿಗೂ 10 ಮೈಕ್ರೋಆಂಪಿಯರ್ ಪ್ರವಾಹವನ್ನೇ ಇಟ್ಟು ಓದಿದಾಗ ದಾರಿ ತೆರೆಯಿತು. ಕೆಂಪಿಗೆ 1.6 ವೋಲ್ಟ್, ನೀಲಿಗೆ 2.3 ವೋಲ್ಟ್ ಆಸುಪಾಸು ಬರುತ್ತದೆ. ತರಂಗಾಂತರವನ್ನು ಡಬ್ಬಿಯ ಮೇಲಿನ ಬರಹದಿಂದ ತೆಗೆದುಕೊಳ್ಳದೆ ಹಳೆಯ ಸಿ.ಡಿ.ಯ 1.6 ಮೈಕ್ರಾನ್ ಗೆರೆಯಂತರದಿಂದ ನಾವೇ ಅಳೆಯುತ್ತೇವೆ. ಒಂದೊಂದೇ ಬಿಂದುವಿನಿಂದ ಲೆಕ್ಕ ಹಾಕಿದರೆ ಸ್ಥಿರಾಂಕ ಕಡಿಮೆ ಬರುತ್ತದೆ. ಆವೃತ್ತಿಗೆ ಎದುರಾಗಿ ವೋಲ್ಟೇಜ್ ಗುರುತಿಸಿದ ನಕ್ಷೆಯ ಇಳಿಜಾರಿನಿಂದ ತೆಗೆದರೆ 6.63 × 10⁻³⁴ ಜೌಲ್ ಸೆಕೆಂಡಿನ ಆಚೀಚೆ, ಶೇಕಡಾ ಐದಾರರ ಅಂತರದಲ್ಲಿ ನಿಲ್ಲುತ್ತದೆ. ಬಿಳಿಯ ಎಲ್‌ಇಡಿಯನ್ನು ಈ ಸಾಲಿಗೆ ಸೇರಿಸಬಾರದು, ಅದರೊಳಗೆ ಇರುವುದು ನೀಲಿಯೇ, ಮೇಲೆ ಫಾಸ್ಫರ್ ಲೇಪ. ಹಸಿರಿನಲ್ಲಿ ಎರಡು ಜಾತಿಗಳಿದ್ದು ಯಾವುದು ಸಾಲಿನಲ್ಲಿ ಕೂರುತ್ತದೆ, ಅದನ್ನು ಅಂಗಡಿಯಲ್ಲಿಯೇ ಹೇಗೆ ಗುರುತಿಸುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ವಿದ್ಯಾರ್ಥಿಗಳ ಸೊತ್ತು.

ಇದೇ ಹೊತ್ತಿನಲ್ಲಿ ಹಳೆಯ 100 ವಾಟ್ ಬಲ್ಬಿನ ಹಿಂದೆ ಕೆಲವು ವಾರಗಳು ಹೋದವು. ತಣ್ಣಗಿರುವಾಗ ತಂತುವಿನ ರೋಧ 40 ಓಮಿಗಿಂತ ಕೊಂಚ ಕಡಿಮೆ, ಉರಿಯುವಾಗ ಲೆಕ್ಕದ ಪ್ರಕಾರ 530ರ ಹತ್ತಿರ. ಅದರಿಂದ ಟಂಗ್‌ಸ್ಟನ್ನಿನ ಉಷ್ಣತೆ 2,700 ಕೆಲ್ವಿನ್ ಎಂದು ಸಿಗುತ್ತದೆ, ಬೆಳಕಿನ ಶಿಖರ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ ಬೀಳುತ್ತದೆ. ಕಾದ ವಸ್ತು ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಸೂಸುತ್ತದೆ ಎಂದು ಹೇಳುವ 1900ರ ಪ್ಲಾಂಕ್ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಸಿಕ್ಕಿಲ್ಲ.

ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ) ಲೆಕ್ಕಗಳಿಗೆ ಒಡೆದ ಲ್ಯಾಪ್‌ಟಾಪ್ ಪರದೆಗಳನ್ನು ಗುಜರಿಯಿಂದ ನೂರೈವತ್ತು ಇನ್ನೂರಕ್ಕೆ ತರುತ್ತೇನೆ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ನಿಧಾನವಾಗಿ ಎಬ್ಬಿಸಿದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರಾಯ್ಡ್ ಹಾಳೆ ಹರಿಯದೆ ಬರುತ್ತದೆ. ಅವಸರದಲ್ಲಿ ಕಿತ್ತ ಪರದೆಗಳೆಲ್ಲ ವ್ಯರ್ಥವಾದವು. ಅಡ್ಡಲಾಗಿ ಇಟ್ಟ ಎರಡು ಹಾಳೆಗಳ ನಡುವೆ 45 ಡಿಗ್ರಿಯಲ್ಲಿ ಮೂರನೆಯದನ್ನು ತೂರಿಸಿದ ಕೂಡಲೇ ಕತ್ತಲೆಯಿದ್ದಲ್ಲಿ ಬೆಳಕು ಬರುತ್ತದೆ, ಆದರ್ಶ ಹಾಳೆಗಳಾದರೆ ಮೂಲದ ಎಂಟನೆಯ ಒಂದು ಪಾಲು. ಸ್ಥಿತಿಯನ್ನು ಹೊಸ ಆಧಾರದಲ್ಲಿ, ಅಂದರೆ ಹೊಸ ದಿಕ್ಕುಗಳಲ್ಲಿ, ಬಿಡಿಸಿ ಬರೆಯುವುದನ್ನು ಇದರ ಮೇಲೆಯೇ ಕಲಿಸುತ್ತೇನೆ. ಬೆಳಕಿನಲ್ಲಿ ವಿರುದ್ಧ ಸ್ಥಿತಿಗೆ 90 ಡಿಗ್ರಿ ತಿರುಗಿಸಿದರೆ ಸಾಕು, ಸ್ಪಿನ್ ಅರ್ಧದ ಕಣಕ್ಕೆ 180 ಬೇಕು. ಆದ್ದರಿಂದ ಸೂತ್ರದಲ್ಲಿ ಕೋನದ ಅರ್ಧ ಬರುತ್ತದೆ. 60 ಡಿಗ್ರಿ ಓರೆಯಾದ ಅಕ್ಷದಲ್ಲಿ ಅಳೆದಾಗ ಸ್ಪಿನ್ ಆ ಅಕ್ಷದ ದಿಕ್ಕಿನಲ್ಲಿಯೇ ಸಿಗುವ ಸಂಭವನೀಯತೆ ಎಷ್ಟು ಎಂದರೆ ಹಾಳೆ ಹಿಡಿದು ಕಲಿತವರು ಕಾಲುಭಾಗ ಎನ್ನುವುದಿಲ್ಲ, ಮುಕ್ಕಾಲು ಎಂದೇ ಬರೆಯುತ್ತಾರೆ.

ಹೈಡ್ರೊಜನ್ ಪರಮಾಣುವಿನ ಅಧ್ಯಾಯಕ್ಕೆ ವಿಸರ್ಜನಾ ನಳಿಕೆ (ವಿದ್ಯುತ್ ಹರಿಸಿದಾಗ ಒಳಗಿನ ಅನಿಲ ಬೆಳಗುವ ಗಾಜಿನ ಕೊಳವೆ) ಮತ್ತು ಅದರ ವಿದ್ಯುತ್ ಸರಬರಾಜು ನನ್ನ ಫೀಸಿಗೆ ಮೀರಿದ ಖರ್ಚು. ಅದರ ಬದಲು ಎರಡು ಬ್ಲೇಡುಗಳ ನಡುವಿನ ಕಿರುಗಂಡಿಯಿಂದ ಆಕಾಶದ ಬೆಳಕನ್ನು ತಂದು ಡಿ.ವಿ.ಡಿ. ಚೂರಿನ ಮೇಲೆ ಬೀಳಿಸಿದರೆ, ವರ್ಣಪಟಲದ ಹಸಿರು ನೀಲಿಯ ಸಂಧಿಯಲ್ಲಿ 486 ನ್ಯಾನೋಮೀಟರಿನ ಕಪ್ಪು ಗೆರೆ ಕಾಣುತ್ತದೆ. ಸೂರ್ಯನ ಹೈಡ್ರೊಜನ್ ಎರಡನೆಯ ಮಟ್ಟದಿಂದ ನಾಲ್ಕಕ್ಕೆ ಏರುವಾಗ ಹೀರಿದ ಬೆಳಕು ಅದು. ಅದರಿಂದ ಹೈಡ್ರೊಜನ್ನಿನ ಗೆರೆಗಳ ತರಂಗಾಂತರಗಳನ್ನು ನಿರ್ಧರಿಸುವ ರಿಡ್‌ಬರ್ಗ್ ಸ್ಥಿರಾಂಕ ಒಂದೇ ಸಾಲಿನಲ್ಲಿ ಬರುತ್ತದೆ. ಕಿರುಗಂಡಿಯನ್ನು ನೇರವಾಗಿ ಸೂರ್ಯನ ಕಡೆಗೆ ಹಿಡಿದು ಎಂದಿಗೂ ನೋಡಕೂಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮೋಡ ಬಿಡುವುದಿಲ್ಲವಾದ್ದರಿಂದ ನಾನು ಈ ಅಧ್ಯಾಯವನ್ನು ದೀಪಾವಳಿಯ ರಜೆಯ ನಂತರಕ್ಕೆ ಇಟ್ಟುಕೊಂಡು, ಮಳೆಗಾಲದಲ್ಲಿ ಲೋಟ ಮತ್ತು ಎಲ್‌ಇಡಿಗಳ ಕೆಲಸ ಮುಗಿಸುತ್ತೇನೆ.